ಪಾಚಿಯಲ್ಲದ ಪಾಚಿ

ಅಣ್ಣಿಗೇರಿಯವರಿಗೆ ಉಪ್ಪುನೀರು ಹೊಸದಲ್ಲ. ನವಲಗುಂದ-ಅಣ್ಣಿಗೇರಿ ಸೀಮೆಯ ಎರಿಭೂಮಿಯಲ್ಲಿ ಬೋರು ಕೊರೆಸಿದರೆ ಬಹಳ ಕಡೆ ಮೇಲೆ ಬರುವುದು ಸವಳು ನೀರು. ಬೇಳೆ ಬೇಯದು, ಚಹಾ ರುಚಿಸದು. ಅದಕ್ಕೇ ಈ ಸೀಮೆ ಕುಡಿಯಲು ಕೆರೆಯನ್ನು ನಂಬಿದೆ. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ಮಲಪ್ರಭೆಯ ಕಾಲುವೆ ನೀರೇ ಆ ಕೆರೆಗಳಿಗೆ ಆಸರೆ. ಬಿಸಿಲೇರಿ ಕೆರೆ ಇಳಿದರೆ ನೀರು ಹಸಿರಾಗುತ್ತದೆ. ಕೊಡದ ಬಾಯಿಗೆ ಅರಿವೆ ಕಟ್ಟಿ ಸೋಸಿದರೆ ಪಾಚಿ ಅರಿವೆಗಂಟುತ್ತದೆ.

ಈ ಉಪ್ಪನ್ನೂ ಪಾಚಿಯನ್ನೂ ದುಡ್ಡು ಕೊಟ್ಟು ಮನೆಯೊಳಗೆ ತಂದುಕೊಳ್ಳುವವರೂ ಇದ್ದಾರೆ: ಕಡಲಿನ ಮೀನು ಸಾಕುವವರು.

ಗಾಜಿನ ತೊಟ್ಟಿ, ತಳದಲ್ಲಿ ಎರಡು ಬೆರಳು ದಪ್ಪ ಬಿಳಿ ಉಸುಕು, ಮೇಲೆ ಕಿತ್ತಳೆ ಬಣ್ಣದ ಕ್ಲೌನ್ ಮೀನು. ಕೆಲವೇ ವಾರಗಳಲ್ಲಿ ಆ ಉಸುಕಿನ ಮೇಲೆ ಚಹಾಪುಡಿ ಉದುರಿಸಿದಂತೆ ಕಂದು ಹರಡುತ್ತದೆ. ಸಾಕಿದವರಿಗೆ ಗಾಬರಿ. ಹೆಚ್ಚಾಗಿ ಗಾಬರಿಗೆ ಕಾರಣವಿಲ್ಲ; ಅದು ಸಾಮಾನ್ಯವಾಗಿ ಡಯಾಟಮ್. ಸಿಲಿಕಾದಿಂದ ತನ್ನ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುವ ಈ ಏಕಕೋಶದ ಜೀವಿ ನೀರಿನಲ್ಲಿನ ಸಿಲಿಕೇಟ್ ಮುಗಿದ ಮೇಲೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ ನೀರು ಎಲ್ಲಿಂದ ಬಂತೆಂದು ವಿಚಾರಿಸಬೇಕು.

ಇಲ್ಲೊಂದು ಆಸೆ ಹುಟ್ಟುವುದು ಸಹಜ: ನಮ್ಮ ಬೋರಿನ ನೀರು ಹೇಗೂ ಉಪ್ಪು, ಅದನ್ನೇ ಸುರಿದರೆ? ಆಗದು. ಕಡಲಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಸವಳು ನೀರಿನಲ್ಲಿ ಅಷ್ಟಿಲ್ಲ, ಇರುವ ಲವಣಗಳ ಪ್ರಮಾಣವೂ ಬೇರೆ. ಮೇಲಾಗಿ ಬೋರಿನ ಜೊತೆ ಸಿಲಿಕೇಟ್, ನೈಟ್ರೇಟ್ ಕೂಡ ಬರಬಹುದು. ಆರ್‌ಓ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸುವುದೇ ರೂಢಿ.

ನಿಜವಾದ ತಲೆನೋವು ಎರಡನೆಯದು. ಉಸುಕಿನ ಮೇಲೆ ಕಡುಗೆಂಪು ಹೊದಿಕೆ, ಅದೂ ನೀರಾಟ ಕಡಿಮೆಯಿರುವ ಮೂಲೆಯಲ್ಲಿ, ಕಲ್ಲಿನ ಮರೆಯಲ್ಲಿ. ಬೆಳಗ್ಗೆ ತೆಳ್ಳಗಿದ್ದದ್ದು ಮಧ್ಯಾಹ್ನಕ್ಕೆ ಗುಳ್ಳೆಗಟ್ಟುತ್ತದೆ. ಬೆರಳಿನಿಂದ ಎತ್ತಿದರೆ ಕಾಸಿದ ಹಾಲಿನ ಕೆನೆಯಂತೆ ಹಾಳೆಯಾಗಿ ಮೇಲೇಳುತ್ತದೆ. ಎಲ್ಲರೂ ಪಾಚಿ ಎನ್ನುವ ಇದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಇದರ ಪೂರ್ವಜರೇ. ಹೈನಿನ ಹಿಂದೆ ಬಿದ್ದ ರೈತರಿಗೂ ಇದರ ಬಳಗದ ಪರಿಚಯವಿದೆ: ಹಿತ್ತಲಿನ ಗುಂಡಿಯಲ್ಲಿ ಎಮ್ಮೆಗೆಂದು ಬೆಳೆಸುವ ಅಜೋಲ್ಲಾದ ಎಲೆಯೊಳಗೆ ಕೂತು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಅನಬೀನಾ ಇದೇ ಕುಲದ್ದು. ಹೊಲದಲ್ಲಿ ಉಪಕಾರಿ, ತೊಟ್ಟಿಯಲ್ಲಿ ಉಪದ್ರವಿ.

ಇದಕ್ಕೆ ಮೂಲ ಹೆಚ್ಚಾಗಿ ಮೀನು ಸಾಕಿದವರ ಪ್ರೀತಿಯೇ. ತಿನ್ನದೆ ಉಳಿದ ಆಹಾರ ಉಸುಕಿನಲ್ಲಿ ಕೊಳೆತು ಫಾಸ್ಫೇಟ್ ಬಿಡುತ್ತದೆ. ಮೀನಿನ ಬದಲು ಹವಳ ಇಡೋಣವೆಂದರೆ, ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿ ದ್ವೀಪದ ಸುತ್ತಿನ ಹವಳವನ್ನು ಕಣ್ಣಿನಿಂದ ನೋಡಬೇಕೇ ಹೊರತು ಕಿತ್ತು ತರುವಂತಿಲ್ಲ. ಹಾಗಾಗಿ ಹೆಚ್ಚಿನ ತೊಟ್ಟಿಗಳಲ್ಲಿ ಮೀನೇ ಮೀನು. ಮೀನು ಹೆಚ್ಚಾದಷ್ಟೂ ಆಹಾರ ಹೆಚ್ಚು, ಹೊಲಸೂ ಹೆಚ್ಚು.

ಮೂರು ದಿನ ದೀಪ ಆರಿಸಿ ತೊಟ್ಟಿಗೆ ಕಂಬಳಿ ಹೊದಿಸುವವರಿದ್ದಾರೆ. ಕೆಂಪು ಕರಗುತ್ತದೆ, ಆಹಾರದ ಲೆಕ್ಕ ಬದಲಾಗದಿದ್ದರೆ ಮರಳಿ ಬರುತ್ತದೆ. ಎರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಹಾಕುವುದಂತೂ ದುಡುಕು: ಅಮೋನಿಯಾವನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು, ಸತ್ತ ಹೊದಿಕೆ ಕೊಳೆಯುತ್ತ ನೀರಿನ ಆಮ್ಲಜನಕವನ್ನು ಹೀರುತ್ತದೆ. ಸಣ್ಣ ಪೈಪಿನಿಂದ ಆ ಹಾಳೆಯನ್ನು ಹೀರಿ ತೆಗೆದು, ಆ ಮೂಲೆಗೆ ನೀರಿನ ಸೆಳೆತ ತಿರುಗಿಸಿ, ಆಹಾರಕ್ಕೆ ಕಡಿವಾಣ ಹಾಕುವುದು ನಿಧಾನದ ದಾರಿ, ಆದರೆ ನಂಬಿಕೆಯದು. ಹಳೆಯ, ದಪ್ಪ ಉಸುಕಾದರೆ ಒಮ್ಮೆಲೇ ಕೆದಕಬಾರದು. ಗಾಳಿಯಾಡದ ತಳದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂತಿರಬಹುದು. ವಾರಕ್ಕೊಂದು ಪಟ್ಟಿಯಂತೆ ತೊಳೆದರೆ ಸಾಕು.

ಮೂರನೆಯದರ ಸ್ವಭಾವ ಪೂರ್ತಿ ಉಲ್ಟಾ. ಡೈನೊಫ್ಲಾಜಲೇಟ್ ಎಂಬ ಈ ಕಂದು ಲೋಳೆ ಎಳೆಎಳೆಯಾಗಿ ಜೋತು, ತುದಿಯಲ್ಲಿ ಗುಳ್ಳೆ ಹಿಡಿದಿರುತ್ತದೆ. ರಾತ್ರಿ ಮಾಯ, ಹಗಲು ಹಾಜರ್. ಇದು ಹೆಚ್ಚಾಗಿ ಬರುವುದು ಅತಿ ಮಡಿಯ ತೊಟ್ಟಿಗೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗಿಳಿದು ಉಳಿದ ಜೀವಿಗಳು ಉಪವಾಸ ಬಿದ್ದಾಗ ಇದು ಜಾಗ ಹಿಡಿಯುತ್ತದೆ. ಪದೇ ಪದೇ ನೀರು ಬದಲಿಸಿದಷ್ಟೂ ಹಬ್ಬುವುದುಂಟು. ಆಗ ಮದ್ದೆಂದರೆ ತುಸು ಹೊಲಸು: ಲೀಟರಿಗೆ ನೈಟ್ರೇಟ್ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.1 ಮಿಲಿಗ್ರಾಂ ಒಳಗೆ, ಸೊನ್ನೆ ಮಾತ್ರ ಬೇಡ. ರಾತ್ರಿ ನೀರಿಗೇಳುವ ಬಗೆಗಳಿಗೆ ಯುವಿ ದೀಪ ನಾಟುತ್ತದೆ.

ಡಯಾಟಮ್ಮೋ ಡೈನೋವೋ ತಿಳಿಯದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಲೋಳೆಯನ್ನು ತೊಟ್ಟಿಯ ನೀರಿನೊಂದಿಗೆ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿಗಿಡಬೇಕು. ತಾಸೊಪ್ಪತ್ತಿನಲ್ಲಿ ಎಳೆಗಳು ಮತ್ತೆ ಕೂಡಿ ಗಂಟಾದರೆ ಡೈನೋ ಇರುವ ಸಂಭವ ಹೆಚ್ಚು. ಖಾತ್ರಿಗೆ ಕಾಲೇಜಿನ ಸೂಕ್ಷ್ಮದರ್ಶಕ ಸಾಕು.

ಉಸುಕು ಶುಚಿಯಿಡಲು ನಸ್ಸಾರಿಯಸ್ ಎಂಬ ಬಸವನಹುಳು ತಂದುಬಿಡುವುದು ಹಲವರ ಮೊದಲ ಉಪಾಯ. ಉಸುಕಿನಲ್ಲಿ ಹುಗಿದುಕೊಂಡು ಸೊಂಡಿಲನ್ನಷ್ಟೇ ಹೊರಗಿಟ್ಟಿರುವ ಅದು ಆಹಾರದ ವಾಸನೆ ಬಡಿದೊಡನೆ ಎದ್ದು ಬರುವ ಚಂದ ನೋಡುವಂಥದ್ದೇ. ಆದರೆ ಅದು ಪಾಚಿ ತಿನ್ನುವುದಿಲ್ಲ. ಉಳಿದ ಆಹಾರ ತಿಂದು ಉಸುಕು ಕೆದಕುತ್ತದೆ. ಬಂದಿರುವುದು ಆಸ್ಟ್ರಿಯೋಪ್ಸಿಸ್ ಬಗೆಯ ಡೈನೋ ಆಗಿದ್ದರೆ ಅದರ ವಿಷಕ್ಕೆ ಮೊದಲು ಸಾಯುವುದೂ ಬಸವನಹುಳುಗಳೇ. ಹಾಗಾಗಿ ಬಾಟಲಿ ಮೊದಲು, ಹುಳು ಆಮೇಲೆ.