ಒಂದು ಫ್ರಿಗೇಟು, ಮೂರು ಧ್ವಜಗಳು

ಸಾಲ ಕೊಟ್ಟವನಿಗೆ ಅವನ ಸೊತ್ತು ಮರಳಿ ಬರಬಹುದು. ಕೊಡುವಾಗ ಇದ್ದ ಸ್ನೇಹವೂ ಅದರೊಡನೆ ಮರಳುವುದೆಂಬ ಭರವಸೆಯಿಲ್ಲ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನನಗೆ ಈ ಮಾತಿಗೆ ತಕ್ಕ ನಿದರ್ಶನವಾಗಿ ತೋರಿದುದು ‘ಟಕೋಮಾ’ ಎಂಬ ಯುದ್ಧನೌಕೆಯ ಚರಿತ್ರೆ.

ಎರಡನೆಯ ಮಹಾಯುದ್ಧದಲ್ಲಿ ಸರಕು ಹಡಗುಗಳನ್ನು ಜರ್ಮನಿಯ ಸಬ್‌ಮರೀನುಗಳಿಂದ ಕಾಯಲು ಬೆಂಗಾವಲು ನೌಕೆಗಳು ಅಪಾರ ಸಂಖ್ಯೆಯಲ್ಲಿ ಬೇಕಾದುವು. ಬ್ರಿಟನ್ನಿನ ‘ರಿವರ್’ ವರ್ಗದ ಫ್ರಿಗೇಟುಗಳನ್ನು ಮಾದರಿಯಾಗಿಟ್ಟುಕೊಂಡು, ವ್ಯಾಪಾರದ ಹಡಗುಗಳನ್ನು ಕಟ್ಟುವ ಕ್ರಮದಲ್ಲಿಯೇ, ಅಮೆರಿಕವು 96 ಗಸ್ತು ಫ್ರಿಗೇಟುಗಳನ್ನು ನಿರ್ಮಿಸಿತು. ಅವುಗಳಲ್ಲಿ 21 ಬ್ರಿಟನ್ನಿಗೆ ಹೋದುವು. (ಆ ‘ರಿವರ್’ ವರ್ಗದ್ದೇ ಆದ ‘ಬ್ಯಾನ್’ ಎಂಬ ಬ್ರಿಟಿಷ್ ನೌಕೆ 1945ರಲ್ಲಿ ಭಾರತಕ್ಕೆ ಬಂದು, ‘ತೀರ್’ ಎಂಬ ಹೆಸರಿನಿಂದ ನಮ್ಮ ನೌಕಾಪಡೆಯ ತರಬೇತಿ ನೌಕೆಯಾಯಿತು.) ಅಮೆರಿಕದ ಈ ವರ್ಗಕ್ಕೆ ಹೆಸರು ಕೊಟ್ಟ ‘ಟಕೋಮಾ’ ಕ್ಯಾಲಿಫೋರ್ನಿಯದ ರಿಚ್ಮಂಡಿನಲ್ಲಿ 1943ರ ಜುಲೈ 7ರಂದು ನೀರಿಗಿಳಿಯಿತು. ಉದ್ದ ಸುಮಾರು 304 ಅಡಿ, ವೇಗ 20 ನಾಟ್, ಮುಖ್ಯ ಆಯುಧ 3 ಅಂಗುಲದ ಮೂರು ತೋಪುಗಳು.

1941ರ ಸಾಲ-ಗುತ್ತಿಗೆ ಕಾಯಿದೆಯ ಮೇರೆಗೆ ಅಮೆರಿಕವು ಮಿತ್ರರಾಷ್ಟ್ರಗಳಿಗೆ ಯುದ್ಧಸಾಮಗ್ರಿಯನ್ನು ಎರವಲಾಗಿ ಕೊಡುತ್ತಿದ್ದಿತು. ಜಪಾನಿನ ಮೇಲೆ ಯುದ್ಧಕ್ಕಿಳಿಯಲಿದ್ದ ಸೋವಿಯತ್ ಒಕ್ಕೂಟಕ್ಕೆ ಅಲಾಸ್ಕದ ಕೋಲ್ಡ್ ಬೇ ಎಂಬಲ್ಲಿ ಗುಟ್ಟಾಗಿ 28 ಫ್ರಿಗೇಟುಗಳನ್ನು ಒಪ್ಪಿಸಲಾಯಿತು. ಸೋವಿಯತ್ ನಾವಿಕರಿಗೆ ಅಲ್ಲಿಯೇ ಶಿಕ್ಷಣ ದೊರೆಯಿತು. ‘ಟಕೋಮಾ’ ಕೈಬದಲಾಗಿ ‘ಇಕೆ-11’ ಆದುದು 1945ರ ಆಗಸ್ಟ್ 16ರಂದು. ಅದರ ಹಿಂದಿನ ದಿನವೇ ಜಪಾನಿನ ಚಕ್ರವರ್ತಿ ಶರಣಾಗತಿಯನ್ನು ಸಾರಿದ್ದನು. ಸಾಲದ ಉದ್ದೇಶ ತೀರುತ್ತ ಬಂದಾಗ ಸಾಲ ಆರಂಭವಾಯಿತು!

ಯುದ್ಧಾನಂತರ ಮೈತ್ರಿ ಮುರಿಯಿತು. ನೌಕೆಗಳು ಮರಳಿದುದು 1949ರಲ್ಲಿ. ಕಮ್ಚಾಟ್ಕದ ಬಳಿ 1948ರಲ್ಲಿ ನೆಲಹತ್ತಿ ಕೆಟ್ಟ ‘ಬೆಲ್ಫಾಸ್ಟ್’ ಒಂದುಳಿದು ಮಿಕ್ಕ 27 ಹಿಂದಿರುಗಿದುವು. ‘ಟಕೋಮಾ’ವನ್ನು ಅಕ್ಟೋಬರಿನಲ್ಲಿ ಒಪ್ಪಿಸಿದ ಸ್ಥಳ ಜಪಾನಿನ ಯೊಕೊಸುಕ ಬಂದರು. ಜಪಾನಿನ ವಿರುದ್ಧ ಕೊಟ್ಟ ಸೊತ್ತು ಜಪಾನಿನ ಬಂದರಿನಲ್ಲಿಯೇ ಒಡೆಯನ ಕೈಸೇರಿತು.

1950ರ ಜೂನಿನಲ್ಲಿ ಕೊರಿಯದ ಯುದ್ಧ ಹೊತ್ತಿಕೊಂಡಿತು. ಮೂಲೆಗೆ ಬಿದ್ದಿದ್ದ ‘ಟಕೋಮಾ’ ಡಿಸೆಂಬರಿನಲ್ಲಿ ಮತ್ತೆ ಅಮೆರಿಕದ ಧ್ವಜವನ್ನೇರಿಸಿ ಕೊರಿಯದ ಪೂರ್ವತೀರದಲ್ಲಿ ತೋಪು ಹಾರಿಸಿತು. ಎದುರಿಗಿದ್ದುದು ಸೋವಿಯತ್ ಶಸ್ತ್ರಗಳನ್ನು ಧರಿಸಿದ ಸೇನೆ! ನಾಲ್ಕು ವರ್ಷ ಸೋವಿಯತ್ ಧ್ವಜವನ್ನು ಹೊತ್ತ ನೌಕೆಯ ಗುರಿ ಒಂದೇ ವರ್ಷದಲ್ಲಿ ತಿರುಗಿತು. 1951ರ ಅಕ್ಟೋಬರ್ 9ರಂದು ಅದು ದಕ್ಷಿಣ ಕೊರಿಯಕ್ಕೆ ಸೇರಿ ‘ತೇದೊಂಗ್’ ಎಂಬ ಹೆಸರನ್ನು ಪಡೆಯಿತು. ಆ ಹೆಸರಿನ ನದಿ ಹರಿಯುವುದು ಉತ್ತರದ ರಾಜಧಾನಿ ಪ್ಯೊಂಗ್ಯಾಂಗಿನ ನಡುವೆ. ಒಂದಾಗಿದ್ದ ನಾಡಿನ ನೆನಪನ್ನು ಹೆಸರಿನಲ್ಲಿ ಹೊತ್ತು ಆ ನೌಕೆ 1973ರವರೆಗೆ ದಕ್ಷಿಣದ ಪಡೆಯಲ್ಲಿದ್ದಿತು. ಇದೇ ವರ್ಗದ 18 ನೌಕೆಗಳು 1953ರಿಂದ ಜಪಾನಿಗೇ ಗುತ್ತಿಗೆಯ ಮೇಲೆ ದೊರೆತುವೆಂಬುದನ್ನೂ ಇಲ್ಲಿ ನೆನೆಯಬೇಕು.

ಹಣದ ಸಾಲವಾದರೆ ಬಡ್ಡಿಸಹಿತ ತೀರಿದಲ್ಲಿಗೆ ಖಾತೆ ಮುಗಿಯುತ್ತದೆ. ಆಯುಧದ ಸಾಲಕ್ಕೆ ಅಂತಹ ಕೊನೆಯಿಲ್ಲ. ಉಕ್ಕಿನ ಆಯುಷ್ಯ ಮೂವತ್ತು ವರ್ಷ. ಅದನ್ನು ಕೊಡಿಸಿದ ಮೈತ್ರಿಯ ಆಯುಷ್ಯ ಅದಕ್ಕಿಂತ ಬಹಳ ಕಡಿಮೆ. ಒಪ್ಪಂದಗಳಿಗೆ ಸಹಿ ಹಾಕುವವರು ಈ ಎರಡು ಅವಧಿಗಳ ಅಂತರವನ್ನು ಮೊದಲು ಲೆಕ್ಕಕ್ಕೆ ಹಿಡಿಯುವುದು ಲೇಸು.