ಹಳೆ ಸ್ಲರಿ ಗುಂಡಿ ಮುಚ್ಚುವ ಮುನ್ನ

ದನ ಮಾರಿದ ಮೇಲೆ, ಇಲ್ಲವೇ ಕೊಟ್ಟಿಗೆಯನ್ನು ಬೇರೆಡೆ ಕಟ್ಟಿದ ಮೇಲೆ, ಹಿತ್ತಲಲ್ಲಿ ಹಳೆಯ ಗುಂಡಿ ಉಳಿದುಬಿಡುತ್ತದೆ. ಕೆಲವರದು ಸಗಣಿ, ಗಂಜಲ ಹರಿದು ಸೇರುತ್ತಿದ್ದ ಸ್ಲರಿ ತೊಟ್ಟಿ. ಕೆಲವರದು ಡ್ರಮ್ಮು ತುಕ್ಕು ಹಿಡಿದ ಗೋಬರ್ ಗ್ಯಾಸ್ ಬಾವಿ. ಮೇಲ್ಪದರ ಒಣಗಿ ಹುಲ್ಲು ಹುಟ್ಟಿರುವುದರಿಂದ ಗಟ್ಟಿ ನೆಲದಂತೆ ಕಾಣುತ್ತದೆ. ಕೋಲು ಚುಚ್ಚಿ ನೋಡಿ, ಕೆಳಗೆ ಕಪ್ಪು ಬಗ್ಗಡ ಹಾಗೇ ಇರುತ್ತದೆ. ಕರುವೋ ಮಗುವೋ ಅದರ ಮೇಲೆ ಕಾಲಿಟ್ಟರೆ ಗತಿಯೇನು? ಕೆಲಸ ಶುರುವಾಗುವುದು ತಡವಾದರೂ ಬೇಲಿ ಮಾತ್ರ ಇವತ್ತೇ ಹಾಕಿ.

ನಾಲ್ಕು ಲೋಡು ಮಣ್ಣು ಸುರಿದರೆ ಮುಗಿಯಿತು ಎಂದು ಅನೇಕರು ತಿಳಿಯುತ್ತಾರೆ. ಬಗ್ಗಡದ ಮೇಲೆ ಬಿದ್ದ ಮಣ್ಣು ನಿಲ್ಲುವುದಿಲ್ಲ, ಕುಸಿಯುತ್ತಲೇ ಇರುತ್ತದೆ. ಮೊದಲು ಗುಂಡಿ ಪೂರ್ತಿ ಖಾಲಿಯಾಗಬೇಕು. ಜೀವ ಹೋಗುವುದೂ ಈ ಹಂತದಲ್ಲೇ.

ಗಾಳಿಯಾಡದೆ ಕೊಳೆತ ಸಗಣಿಯಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಮೀಥೇನ್ ಹಗುರ, ಮೇಲೇರುತ್ತದೆ. ಉಳಿದೆರಡು ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂರುತ್ತವೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. 10 ಲಕ್ಷ ಪಾಲು ಗಾಳಿಯಲ್ಲಿ ಅದು 100 ಪಾಲು ಮುಟ್ಟಿದರೆ ಮೂಗಿಗೆ ಆ ವಾಸನೆಯೇ ತಿಳಿಯುವುದಿಲ್ಲ. 500 ದಾಟಿದರೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ. 'ವಾಸನೆ ಹೋಯ್ತು, ಇಳಿಯಪ್ಪ' ಎನ್ನುವ ಮಾತು ಅದಕ್ಕೇ ಅಷ್ಟು ಅಪಾಯದ್ದು. ಮೇಲಿನ ಹೆಪ್ಪು ಒಡೆದು ಕಲಕಿದ ಗಳಿಗೆಯಲ್ಲಿ ಅನಿಲ ಒಮ್ಮೆಲೇ ನುಗ್ಗಿ ಬರುತ್ತದೆ. ದೀಪ ಇಳಿಸಿ ಪರೀಕ್ಷಿಸುವ ಹಳೆ ರೂಢಿಯನ್ನು ಇಲ್ಲಿ ಬಿಡಲೇಬೇಕು: ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಆ ದೀಪದಿಂದಲೇ ಸ್ಫೋಟವಾದೀತು. ಮೂಗಿಗೆ ಒದ್ದೆ ಟವಲ್ಲು ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡಿ, ಎತ್ತಲು ಹೋದವರೂ ಅಲ್ಲೇ ಉಳಿಯುತ್ತಾರೆ. ಮೇಲಿನಿಂದಲೇ ಹಗ್ಗ ಕೊಡಿ, 112ಕ್ಕೆ ಕರೆ ಮಾಡಿ.

ಹಾಗಾಗಿ ಮನುಷ್ಯರು ಇಳಿಯದೆ ಆಗುವಂತೆ ಕೆಲಸ ಯೋಜಿಸಿ. ಬೇಸಿಗೆಯಲ್ಲಿ, ಗಾಳಿ ಬೀಸುವ ಹೊತ್ತಿನಲ್ಲಿ, ನೀರು ಬೆರೆಸಿ ತೆಳುವಾದದ್ದನ್ನು ಮಡ್ ಪಂಪಿನಿಂದ ಟ್ಯಾಂಕರಿಗೆ ಎತ್ತಿ. ತಳದ ಗಟ್ಟಿಯನ್ನು ಜೆಸಿಬಿ ಬಕೆಟ್ಟಿನಿಂದ ತೆಗೆಸಿ. ಹಳೆ ಗೋಡೆ ಕುಸಿಯಬಹುದು, ಗಾಡಿ ಅಂಚಿನಿಂದ ದೂರ ನಿಲ್ಲಲಿ. ಬಂದದ್ದೆಲ್ಲ ಒಳ್ಳೆಯ ಗೊಬ್ಬರ. ಉಳುಮೆಗೆ ಮುಂಚೆ ಹೊಲಕ್ಕೆ ಹರಡಿ ಮಣ್ಣಿಗೆ ಸೇರಿಸಿ, ಆದರೆ ಮಳೆ ಮೋಡ ಕಟ್ಟಿದ ದಿನ ಬೇಡ, ಹಳ್ಳದ ಬದಿಗಂತೂ ಬೇಡವೇ ಬೇಡ.

ತೆಂಗಿನ ತೋಟ ಇರುವವರು ಗೊಬ್ಬರ ತೋಡುವಾಗ ಒಮ್ಮೆ ಬಗ್ಗಿ ನೋಡಿ. ಬಿಳಿ ಮೈ, ಕಂದು ತಲೆ, ಬಾಗಿ ಮುದುಡಿಕೊಂಡ ಹೆಬ್ಬೆರಳು ದಪ್ಪದ ಹುಳು ಸಿಕ್ಕರೆ ಅದು ಕುರುವಾಯಿ ದುಂಬಿಯ ಮರಿಯಿರಬಹುದು. ದೊಡ್ಡದಾದ ಮೇಲೆ ಇದೇ ತೆಂಗಿನ ಸುಳಿ ಕೊರೆಯುತ್ತದೆ. ಬಿಚ್ಚಿದ ಗರಿ ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂತೆ ಕಾಣುತ್ತದೆ. ಕೈಬಿಟ್ಟ ಗೊಬ್ಬರದ ಗುಂಡಿ ಅದರ ಹೆರಿಗೆ ಮನೆ. ಹುಳುಗಳನ್ನು ಆಯಿಸಿ ಕೊಲ್ಲಿ, ಉಳಿದ ರಾಶಿಗೆ ಮೆಟಾರೈಜಿಯಂ ಶಿಲೀಂಧ್ರ ಬೆರೆಸಿ.

ಗುಂಡಿ ಬರಿದಾದ ಮೇಲೆ ತಳದ ಕಪ್ಪು ಮಣ್ಣನ್ನೂ ಕೆರೆಸಿ ತೆಗೆಸಿ. ಅದರಲ್ಲಿ ಕೂತ ಸಾರಜನಕ ನೈಟ್ರೇಟ್ ಆಗಿ ಮಳೆನೀರಿನೊಂದಿಗೆ ಬಾವಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮಿತಿ. ಮೀರಿದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಂದುತ್ತದೆ. ಹತ್ತಿರ ಬಾವಿ, ಬೋರ್‌ವೆಲ್ ಇದ್ದರೆ ನೀರು ಪರೀಕ್ಷೆ ಮಾಡಿಸಿ.

ಕಾಂಕ್ರೀಟ್ ತಳವಾದರೆ ಒಡೆಸಬೇಕು, ಇಲ್ಲವಾದರೆ ಒಳಗೆ ನೀರು ನಿಲ್ಲುತ್ತದೆ. ಕೊಟ್ಟಿಗೆಯಿಂದ ಬರುವ ಚರಂಡಿಯನ್ನೂ ಮುಚ್ಚಿ. ಮಣ್ಣನ್ನು ಪದರ ಪದರವಾಗಿ ಹಾಕಿ ಧಮ್ಮಸ್ಸು ಮಾಡಿಸಿ, ಕೊನೆಗೆ ಮಧ್ಯದಲ್ಲಿ ದಿಬ್ಬ ಇರಲಿ. ಮೇಲೆ ನೇಪಿಯರ್ ಹುಲ್ಲು ನೆಟ್ಟರೆ ಉಳಿದ ಸಾರಜನಕವನ್ನು ಬೇರು ಹೀರಿಕೊಳ್ಳುತ್ತದೆ. ಮೊದಲ ಮಳೆಗಾಲದಲ್ಲಿ ತಗ್ಗು ಬಿದ್ದಲ್ಲಿ ಮತ್ತೆ ಮಣ್ಣು ತುಂಬಿ. ಶೆಡ್ಡು, ಗೋಡೆ ಕಟ್ಟುವ ಯೋಚನೆಯನ್ನು ನೆಲ ಪೂರ್ತಿ ಕೂರುವವರೆಗೆ ಮುಂದಕ್ಕೆ ಹಾಕಿ.