ಮೊಳೆ ಒಂದು, ಕ್ಯಾಲೆಂಡರ್ ಹತ್ತು!

ದಾಂಡೇಲಿ: ದೀಪಾವಳಿ ಪಾಡ್ಯ ಮುಗಿದು ಡಿಸೆಂಬರ್ ಬಂತೆಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಪೇಟೆಗಳಲ್ಲಿ ಒಂದೇ ಮಾತು: ‘ಸಾವ್ಕಾರ್ರ, ಕ್ಯಾಲೆಂಡರ್ ಬಂತೇನ್ರಿ?’ ಕಿರಾಣಿಯವರು, ಬಟ್ಟೆಯವರು, ಗೊಬ್ಬರದವರು, ಬಂಗಾರದವರು, ಸೊಸೈಟಿಯವರು ಎಲ್ಲರೂ ಕೊಡುವವರೇ. ಆದರೆ ಗೋಡೆಯಲ್ಲಿ ಮೊಳೆ ಒಂದೇ! ಉಳಿದವು ಮಕ್ಕಳ ಪುಸ್ತಕಕ್ಕೆ ಹೊದಿಕೆಯಾಗುತ್ತವೆ, ಇಲ್ಲವೇ ಒಲೆ ಸೇರುತ್ತವೆ.

ಲೆಕ್ಕ ಸರಳ. 500 ಹಂಚಿ 100 ಮಾತ್ರ ಮೊಳೆ ಏರಿದರೆ, ಏರಿದ ಒಂದೊಂದಕ್ಕೂ ಐದರ ಬೆಲೆ ತೆತ್ತಂತಾಯಿತು. ಸಣ್ಣ ಅಂಗಡಿಕಾರನಿಗೆ ಇದು ಹಬ್ಬದ ಲಾಭವನ್ನೇ ನುಂಗುವ ಬಾಬತ್ತು.

ಕಾಸು ಕೊಟ್ಟು ತರುತ್ತಾರೆ

ಪುಕ್ಕಟೆ ಕ್ಯಾಲೆಂಡರ್ ರಾಶಿ ಬಿದ್ದಿದ್ದರೂ ಕಾಸು ಕೊಟ್ಟು ಇನ್ನೊಂದು ತರುವ ಮನೆಗಳಿವೆ. 1973ರಲ್ಲಿ ಜಯಂತ ಸಾಳಗಾಂವಕರ್ ಮರಾಠಿಯಲ್ಲಿ ಆರಂಭಿಸಿದ ‘ಕಾಲನಿರ್ಣಯ’ ಮನೆಮನೆ ಹೊಕ್ಕಿದ್ದು ಹೀಗೆಯೇ, ಕನ್ನಡದಲ್ಲೂ ಬಂತು. ತಿಥಿ, ಏಕಾದಶಿ, ಸಂಕಷ್ಟಿ ಎಲ್ಲ ಒಂದೇ ಕಡೆ; ಹಾಳೆ ತಿರುವಿದರೆ ಓದಲಿಕ್ಕೂ ಉಂಟು. ಜೊತೆಗೆ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆಯಲು ಜಾಗವಿದ್ದರೆ ಮನೆಯಾಕೆಗೆ ಮತ್ತೇನು ಬೇಕು? ಬರೀ ದೇವರ ಪಟವಿದ್ದರೂ ಎಸೆಯಲು ಕೈ ಬಾರದು, ನಿಜ. ಆದರೆ ವರ್ಷ ಮುಗಿದೊಡನೆ ಪಟ ಕಟ್ಟು ಸೇರುತ್ತದೆ, ಅಂಗಡಿಯ ಹೆಸರು ಕತ್ತರಿಗೆ ಹೋಗುತ್ತದೆ!

ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ನೆಲೆಯಿದೆ. ಅವರ ಹೊಸವರ್ಷ ಲೋಸಾರ್ ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್ ಹೊತ್ತಿಗೆ ಬರುತ್ತದೆ. ಯುಗಾದಿಯ ಜೊತೆ ಆ ದಿನವನ್ನೂ ಅಚ್ಚು ಹಾಕಿಸಿದರೆ ಎರಡೂ ಕಡೆಯ ಮನೆಗಳಲ್ಲಿ ಮೊಳೆ ಸಿಕ್ಕೀತು.

2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ತನ್ನ ಇಲಾಖೆಗಳಿಗೆ ಕ್ಯಾಲೆಂಡರ್, ಡೈರಿ ಮುದ್ರಿಸುವುದು ಬೇಡವೆಂದಿತು. ಮೊಬೈಲಿನಲ್ಲೇ ದಿನಾಂಕ ಇದೆಯಲ್ಲ ಎನ್ನುವವರೂ ಇದ್ದಾರೆ. ಆದರೆ ಜೋಯಿಡಾದ ಕಾಡಿನೂರುಗಳಲ್ಲಿ ಸಿಗ್ನಲ್ ಸಿಗದ ಜಾಗಗಳು ಇನ್ನೂ ಇವೆ. ಅಲ್ಲಿ ಗೋಡೆಯ ಹಾಳೆಯೇ ಗತಿ.

ಕಂಡಿದ್ದೆಲ್ಲ ಬಟ್ಟೆಯಲ್ಲ

2016ರ ಮಾರ್ಚಿನಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಆಮೇಲೆ ಹೆಸರು ಹಾಕಿಸಿದ ಚೀಲ ಕೊಡುವವರಿಗೆ ಒಳ್ಳೆಯ ಅವಕಾಶ ಸಿಕ್ಕಿತು. ಆದರೆ ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲ ಅಸಲಿಗೆ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಭಾರ ಹೆಚ್ಚಾದರೆ ಹಿಡಿಕೆ ಕಿತ್ತು ಬರುತ್ತದೆ. ಬೆಲ್ಲ, ಅಕ್ಕಿ ರಸ್ತೆಗೆ ಚೆಲ್ಲಿದ ಹೊತ್ತಿನಲ್ಲಿ ಚೀಲದ ಮೇಲಿನ ಹೆಸರಿಗೆ ಮಂಗಳಾರತಿ!

ಹಿಡಿಕೆಗೆ ಎರಡೆರಡು ಹೊಲಿಗೆ ಬಿದ್ದ, ಐದು ಕಿಲೋ ಅಕ್ಕಿ ಹೊರುವ, ತೊಳೆಯಬಹುದಾದ ಹತ್ತಿ ಚೀಲ ವಾರ ವಾರ ಸಂತೆ ಕಾಣುತ್ತದೆ. ಹೆಸರು ಸಣ್ಣಗೆ ಮೂಲೆಯಲ್ಲಿದ್ದರೆ ಸಾಕು. ದೊಡ್ಡ ಬೋರ್ಡಿನಂತೆ ಅಚ್ಚಾಗಿದ್ದರೆ ಬೇರೆ ಅಂಗಡಿಗೆ ಒಯ್ಯಲು ಗಿರಾಕಿಗೇ ಸಂಕೋಚ.

ಊರು ನೋಡಿ ಕೊಡಿ

ಜೋಯಿಡಾದ ಮಳೆಗೆ ಕೊಡೆ ಬೇಕು. ದುಬಾರಿಯಾದರೂ ಕಾಯಂ ಗಿರಾಕಿಗಳಿಗಷ್ಟೇ ಕೊಟ್ಟರಾಯಿತು. ದಾಂಡೇಲಿಯ ಕಾರ್ಮಿಕನಿಗೆ ಕೀಚೈನ್‌ಗಿಂತ ಊಟದ ಡಬ್ಬಿ ಮೇಲು, ದಿನವೂ ಪಾಳಿಗೆ ಹೋಗುತ್ತದೆ. ಪೆನ್ನಾದರೆ ಇಲ್ಲೇ ರಿಫಿಲ್ ಸಿಗುವಂಥದ್ದಿರಲಿ. ಶಾಯಿ ಮುಗಿದರೆ ಪೆನ್ನೂ ಕಸ, ಹೆಸರೂ ಕಸ.

ಮದುವೆಯಲ್ಲಿ ಕೊಡುವ ಸ್ಟೀಲ್ ಪಾತ್ರೆಗೆ ಹೆಸರು ಕೊರೆಸುವ ರೂಢಿ ಈ ಕಡೆ ಹಳೆಯದು. ಇಪ್ಪತ್ತು ವರ್ಷದ ಮೇಲೂ ತಿಕ್ಕಿ ತೊಳೆಯುವಾಗ ‘ಇದು ಸೋದರಮಾವ ಕೊಟ್ಟಿದ್ದು’ ಎಂದು ನೆನಪಾಗುತ್ತದೆ. ಕಾರಣ ಇಷ್ಟೇ: ಅದು ಮೊದಲು ಪಾತ್ರೆ, ಆಮೇಲೆ ಹೆಸರು.

ಮುಂದಿನ ಆರ್ಡರ್ ಶಿವಕಾಶಿಗೆ ಹೋಗುವ ಮುನ್ನ ವರ್ತಕ ಬಾಂಧವರು ತಮ್ಮ ಮನೆಯಾಕೆಯನ್ನೊಮ್ಮೆ ಕೇಳುವರೇ?